ಮರಳಿ ಬರುವಿರೆಂಬುದಕ್ಕೆ ಸಾಕ್ಷಿ ಏನು?

ನಮ್ಮ ಅಣ್ಣನಿಗೆ ಪೆರು ದೇಶವನ್ನು ನೋಡಬೇಕೆಂಬ ಹಂಬಲ ಹುಟ್ಟಿದುದು ಶೇಂಗಾದಿಂದ. ವಾಚಕರು ನಗಬಾರದು. ಆಳಂದ ತಾಲೂಕಿನ ಜಿಡಗಾ ಗ್ರಾಮದಲ್ಲಿ ಐವತ್ತು ವರ್ಷ ಒಕ್ಕಲುತನ ಮಾಡಿದವನು ಆತ. ಎರೆಯ ಹೊಲದಲ್ಲಿ ತೊಗರಿ, ಜೋಳ; ಬಾವಿಯ ಕೆಳಗಿನ ಹಗುರ ನೆಲದಲ್ಲಿ ಶೇಂಗಾ. ಶೇಂಗಾ ನಮ್ಮ ಹಿರಿಯರ ಕಾಲದಿಂದಲೂ ಇಲ್ಲಿಯದೇ ಎಂದು ಆತ ನಂಬಿದ್ದ. ಅದು ದಕ್ಷಿಣ ಅಮೆರಿಕದ ಗಿಡವೆಂದೂ, ಪೋರ್ತುಗೀಜರು ಸಮುದ್ರಮಾರ್ಗವನ್ನು ಕಂಡುಕೊಂಡ ಮೇಲೆ ಹಡಗುಗಳಲ್ಲಿ ದೇಶದೇಶಗಳನ್ನು ಸುತ್ತಿ ನಮ್ಮಲ್ಲಿಗೆ ಬಂತೆಂದೂ ನಾನು ಹೇಳಿದಾಗ ಆತನಿಗೆ ಅಷ್ಟಾಗಿ ಸರಿಬರಲಿಲ್ಲ. ಮೆಣಸಿನಕಾಯಿಯೂ ಆಲೂಗಡ್ಡೆಯೂ ಆ ಕಡೆಯವೇ ಎಂದದ್ದಕ್ಕೆ, “ಹಂಗಾರ ನಮ್ಮವು ಯಾವು?” ಎಂದು ಕೇಳಿದ. ತೊಗರಿ ನಮ್ಮದು ಎಂದೆ. ಸಮಾಧಾನವಾಯಿತು.

ಅನಂತರ ಒಂದು ದಿನ ಆತನಿಗೆ ಒಂದು ಚಿತ್ರವನ್ನು ತೋರಿಸಿದೆ. ಪೆರುವಿನ ಉತ್ತರ ಭಾಗದ ಸಿಪಾನ್ ಎಂಬಲ್ಲಿ ೧೯೮೭ರಲ್ಲಿ ವಾಲ್ಟರ್ ಆಲ್ವಾ ಎಂಬ ಪ್ರಾಕ್ತನಶಾಸ್ತ್ರಜ್ಞರು ಒಬ್ಬ ಪ್ರಭುವಿನ ಸಮಾಧಿಯನ್ನು ಅಗೆದು ತೆಗೆದರು. ಇಂಕಾ ಅರಸರಿಗಿಂತ ಬಹಳ ಹಿಂದಿನ ಮೋಚೆ ಜನರ ಒಡೆಯನು ಅವನು. ಮಣ್ಣು ಸೇರಿ ಸುಮಾರು ೧೭೦೦ ವರ್ಷಗಳಾಗಿದ್ದವು. ಅವನ ಎದೆಯ ಮೇಲೆ ಇದ್ದ ಹಾರಗಳಲ್ಲಿ ಒಂದು ಶೇಂಗಾಕಾಯಿಯ ಹಾರ. ನಿಜವಾದ ಕಾಯಿಗಿಂತ ದೊಡ್ಡದಾಗಿ, ಸೊಂಟದ ತಗ್ಗು, ಸಿಪ್ಪೆಯ ಗೆರೆ ಎಲ್ಲವನ್ನೂ ಮೂಡಿಸಿ, ಬಲಗಡೆಗೆ ಬಂಗಾರದ ಕಾಯಿಗಳು, ಎಡಗಡೆಗೆ ಬೆಳ್ಳಿಯ ಕಾಯಿಗಳು. ಅಣ್ಣ ಬಹಳ ಹೊತ್ತು ನೋಡಿದ.

“ಏನಪಾ ತಮ್ಮಾ, ನಾವು ಮಣ್ಣಾಗಿಂದ ಕಿತ್ತು ಚೀಲಕ್ಕ ತುಂಬೋ ಕಾಯಿ ಅರಸ ಕೊಳ್ಳಾಗ ಹಾಕ್ಕೊಂಡಾನ? ಇದನ್ನ ನೋಡಬೇಕಲ್ಲೋ.”

ಹಾರವು ಲಂಬಾಯೆಕೆ ಎಂಬ ಊರಿನಲ್ಲಿ ೨೦೦೨ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಹೊತ್ತು ಹುಟ್ಟುವಾಗ ನಮ್ಮಲ್ಲಿ ಹೊತ್ತು ಮುಳುಗಲು ಬಂದಿರುತ್ತದೆ. ನಮ್ಮ ಗಡಿಯಾರಕ್ಕಿಂತ ಹತ್ತೂವರೆ ಗಂಟೆ ಹಿಂದಿರುವ ದೇಶ. ಎರಡು ವರ್ಷದ ತೊಗರಿಯ ಹಣವನ್ನು ಆತ ಇದಕ್ಕಾಗಿ ತೆಗೆದಿಟ್ಟ. ಅತ್ತಿಗೆಯವರೂ ಹೊರಡುವುದೆಂದಾಯಿತು. ಕಾಗದಪತ್ರಗಳ ಕೆಲಸವೆಲ್ಲ ನಿವೃತ್ತ ಶಾಲಾಮಾಸ್ತರನಾದ ನನ್ನ ಪಾಲಿಗೆ ಬಂತು. ಜೊತೆಗೆ ಹೊರಡತಕ್ಕವನೂ ನಾನೇ.

ಪಾಸ್‌ಪೋರ್ಟು ಬೇರೆ, ವೀಸಾ ಬೇರೆ ಎಂಬುದು ನಮ್ಮ ಕಡೆಯಲ್ಲಿ ಅನೇಕರಿಗೆ ಸ್ಪಷ್ಟವಿಲ್ಲ. ಪಾಸ್‌ಪೋರ್ಟು ನಮ್ಮ ಸರಕಾರ ಕೊಡುವ ರಹದಾರಿ: ಈತ ನಮ್ಮವನು ಎಂಬ ಮಾತು. ವೀಸಾ ಎಂದರೆ ಆಚೆಯ ಮನೆಯವರು ‘ಬಾ’ ಎನ್ನುವುದು. ವಿದೇಶಕ್ಕೆ ಹೋಗುವ ಹಕ್ಕು ವ್ಯಕ್ತಿಸ್ವಾತಂತ್ರ್ಯದಲ್ಲಿ ಅಡಕವಾಗಿದೆ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ ೧೯೬೭ರಲ್ಲಿ ಸತವಂತ ಸಿಂಗ್ ಸಾಹ್ನಿ ಎಂಬವರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟು ಕಾಯಿದೆಯೂ ಬಂತು. ಆದರೆ ನ್ಯಾಯಾಲಯ ತೆರೆಯಬಲ್ಲುದು ನಮ್ಮ ಮನೆಯ ಬಾಗಿಲನ್ನು ಮಾತ್ರ. ಎದುರುಮನೆಯ ಚಿಲಕ ಅವರ ಕೈಯಲ್ಲಿಯೇ ಉಳಿಯಿತು.

ನಮ್ಮ ಮನೆಯ ಬಾಗಿಲನ್ನು ತೆರೆಸುವುದೂ ಸುಲಭವಾಗಿರಲಿಲ್ಲ. ಪಾಸ್‌ಪೋರ್ಟಿನ ಕಚೇರಿ ಕಲಬುರಗಿಯಲ್ಲಿಯೇ ಇದೆ, ಬೆಂಗಳೂರಿಗೆ ಓಡಬೇಕಾಗಿಲ್ಲ. ತೊಡಕೆಲ್ಲ ನಾವು ಒಯ್ಯಬೇಕಾದ ಕಾಗದಗಳಲ್ಲಿತ್ತು. ಶಾಲೆಯ ದಾಖಲೆಯ ಪ್ರಕಾರ ಅಣ್ಣ ಹುಟ್ಟಿದ್ದು ಜೂನ್ ೧ರಂದು. ನಮ್ಮ ವಯಸ್ಸಿನವರಲ್ಲಿ ಊರಿನ ಅರ್ಧ ಜನ ಹುಟ್ಟಿದ್ದು ಜೂನ್ ೧ರಂದೇ. ಶಾಲೆ ತೆರೆಯುವ ತಿಂಗಳ ಮೊದಲ ತಾರೀಖನ್ನು ಅಂದಿನ ಹೆಡ್‌ಮಾಸ್ತರರು ಸಾಲಾಗಿ ಬರೆದುಬಿಡುತ್ತಿದ್ದರು. ಸೀಗಿಹುಣ್ಣಿವೆಯ ಮುಂದೆ ಹುಟ್ಟಿದವನು ಎಂದು ನಮ್ಮವ್ವ ಹೇಳುತ್ತಿದ್ದಳು. ಅವ್ವನ ಮಾತಿಗೆ ಮೊಹರು ಇಲ್ಲ. ಹುಟ್ಟಿದ ಜಿಲ್ಲೆ ಒಂದು ಕಾಗದದಲ್ಲಿ ಗುಲಬರ್ಗಾ, ಇನ್ನೊಂದರಲ್ಲಿ ಕಲಬುರಗಿ. ೨೦೧೪ರ ನವೆಂಬರ್ ೧ರಂದು ಹೆಸರು ಬದಲಾಯಿತೆಂಬುದು ಇಲ್ಲಿಯವರಿಗೆ ಗೊತ್ತು, ಹತ್ತು ಸಾವಿರ ಮೈಲಿ ಆಚೆಯವರಿಗೆ ಗೊತ್ತಿರಬೇಕೆಂದೇನಿಲ್ಲ. ಊರಿನ ಹೆಸರು ಒಂದರಲ್ಲಿ ಜಿಡಗಾ, ಒಂದರಲ್ಲಿ ಜಿಡಗಿ, ಇನ್ನೊಂದರಲ್ಲಿ ಜಿದಗಾ. ಇಂಗ್ಲಿಷಿನ ಅಕ್ಷರಗಳಲ್ಲಿ ಮೂರೂ ಮೂರು ಊರು!

ಅತ್ತಿಗೆಯವರದು ಇನ್ನೂ ಸೂಕ್ಷ್ಮವಾದ ಸಂಗತಿ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಸೊಸೆಯ ಹೊಸ ಹೆಸರನ್ನು ಬರೆಯುತ್ತಾರೆ. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಆಧಾರ್ ಚೀಟಿಯಲ್ಲಿ ಗಂಡನ ಮನೆಯ ಹೆಸರು. ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಬೇಕಾಯಿತು. ಗುಮಾಸ್ತನು ತವರಿನ ಹೆಸರನ್ನು ಗಟ್ಟಿಯಾಗಿ ಕೂಗಿದಾಗ ಅತ್ತಿಗೆಯವರು ಸುಮ್ಮನೆ ಕುಳಿತಿದ್ದರು. ಎರಡನೆಯ ಸಲ ಕೂಗಿದಾಗ ನಾನು ನೆನಪಿಸಿದೆ. “ನಲವತ್ತು ವರ್ಷ ಆತು ಮಾಸ್ತರ್ರ, ಆ ಹೆಸರಲೆ ಕರೆಯೋರು ಯಾರೂ ಉಳದಿಲ್ಲ,” ಎಂದು ಎದ್ದರು. ಅಂದು ಊರಿಗೆ ಮರಳುವ ಬಸ್ಸಿನಲ್ಲಿ ಅವರು ಮಾತನಾಡಲಿಲ್ಲ.

ಅಣ್ಣ ಓದಿದ್ದು ಏಳನೆಯ ಇಯತ್ತೆ. ಹತ್ತನೆಯ ತರಗತಿ ಮುಗಿಸದವರು ದುಡಿಮೆಗಾಗಿ ಕೆಲವು ಗೊತ್ತಾದ ದೇಶಗಳಿಗೆ ಹೋಗುವುದಾದರೆ ೧೯೮೩ರ ವಲಸೆ ಕಾಯಿದೆಯ ಪ್ರಕಾರ ಪ್ರತ್ಯೇಕ ಒಪ್ಪಿಗೆ ಪಡೆಯಬೇಕು. ಮೋಸದ ದಲ್ಲಾಳಿಗಳಿಂದ ಬಡವರನ್ನು ಉಳಿಸಲು ಮಾಡಿದ ಏರ್ಪಾಡು ಅದು. ಐವತ್ತು ವರ್ಷ ದಾಟಿದವರಿಗೆ ಅದರ ಗೊಡವೆಯಿಲ್ಲ. ಓದು ಕೊಡದ ಸವಲತ್ತನ್ನು ವಯಸ್ಸು ಕೊಟ್ಟಿತು. ಠಾಣೆಯ ಪೇದೆ ವಿಚಾರಣೆಗೆ ಬಂದಾಗ ಇಡೀ ಓಣಿಯೇ ಸಾಕ್ಷಿ ಹೇಳಲು ನೆರೆಯಿತು. ಕೆಲವು ವಾರಗಳಲ್ಲಿ ಎರಡು ನೀಲಿ ಪುಸ್ತಕಗಳು ಅಂಚೆಯಲ್ಲಿ ಬಂದವು.

ಇನ್ನು ವೀಸಾ. ಪೆರುವಿನ ನಿಯಮವನ್ನು ಓದಿ ನಾನು ಕೊಂಚ ಹೊತ್ತು ಮಂಕಾದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಇಲ್ಲವೆ ಯುರೋಪಿನ ಶೆಂಗೆನ್ ಒಕ್ಕೂಟ, ಇವುಗಳಲ್ಲಿ ಯಾವುದಾದರೊಂದರ ವೀಸಾ ಇನ್ನೂ ಆರು ತಿಂಗಳಾದರೂ ಬಾಳುವಂತಿದ್ದರೆ, ಅಂಥ ಭಾರತೀಯ ಪ್ರವಾಸಿಗೆ ೨೦೧೭ರಿಂದ ಪೆರುವಿನ ವೀಸಾ ಬೇಕಿಲ್ಲ. ೧೮೦ ದಿನಗಳವರೆಗೆ ಇರಬಹುದು. ಉಳಿದವರು ದೆಹಲಿಯ ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅವಳನ್ನು ನೋಡಲೆಂದು ಪಡೆದ ಆ ದೇಶದ ವೀಸಾ ನನ್ನ ಪುಸ್ತಕದಲ್ಲಿದೆ. ಆದ್ದರಿಂದ ನಾನು ಪೆರುವಿಗೆ ನೆಟ್ಟಗೆ ನಡೆದು ಹೋಗಬಹುದು. ಹೊಲವಿಲ್ಲದ, ಎತ್ತು-ಎಮ್ಮೆಯಿಲ್ಲದ, ಎಲ್ಲಿ ಕುಳಿತರೂ ನಿವೃತ್ತಿವೇತನ ಬರುವ ನನ್ನ ಮೇಲೆ ಅವರಿಗೆ ನಂಬಿಕೆ. ಹನ್ನೆರಡು ಎಕರೆ ನೆಲಕ್ಕೆ ಕಟ್ಟುಬಿದ್ದ ಅಣ್ಣ ಮಾತ್ರ ತಾನು ಮರಳುವೆನೆಂಬುದನ್ನು ಸಿದ್ಧಮಾಡಿ ತೋರಿಸಬೇಕು. ಒಂದು ದೇಶದ ಪರೀಕ್ಷೆಯಲ್ಲಿ ಪಾಸಾದವನನ್ನು ಇನ್ನೊಂದು ದೇಶ ಪುನಃ ಪರೀಕ್ಷಿಸದಿರುವುದರಲ್ಲಿ ಆಡಳಿತದ ದೃಷ್ಟಿಯಿಂದ ಅರ್ಥವುಂಟು. ಆದರೂ ಒಂದೇ ತಾಯಿಯ ಮಕ್ಕಳಲ್ಲಿ ಯಾರನ್ನು ನಂಬಬೇಕೆಂಬುದನ್ನು ಮೂರನೆಯ ಊರಿನ ಮೊಹರು ಗೊತ್ತುಮಾಡುವುದು ನನಗೆ ಸರಿದೋರಲಿಲ್ಲ.

ಕಲಬುರಗಿಯ ಒಬ್ಬ ಪ್ರವಾಸ ಏಜೆಂಟರು ಅಣ್ಣನನ್ನು, “ಶೆಂಗೆನ್ ಇದೆಯೇ?” ಎಂದು ಕೇಳಿದರು. “ಶೇಂಗಾ ಎರಡು ಚೀಲ ಅದಾವ, ಎಷ್ಟು ಬೇಕಾಗ್ಯಾವ?” ಎಂದ ಅಣ್ಣ. ಶೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದ ಒಂದು ಹಳ್ಳಿ. ಅದರ ಬಳಿಯ ಹೊಳೆಯಲ್ಲಿ ೧೯೮೫ರ ಜೂನ್ ೧೪ರಂದು ಒಂದು ದೋಣಿಯ ಮೇಲೆ ಐದು ದೇಶಗಳು ಗಡಿತಪಾಸಣೆಯನ್ನು ತೆಗೆದುಹಾಕುವ ಒಪ್ಪಂದಕ್ಕೆ ರುಜು ಹಾಕಿದವು. ಹಾಗಾಗಿ ಆ ಹಳ್ಳಿಯ ಹೆಸರು ಲೋಕದ ಬಾಯಲ್ಲಿ ಬಿತ್ತು. ಇದನ್ನು ವಿವರಿಸಿದಾಗ ಅಣ್ಣನಿಗೆ ಅದರ ಮೇಲೆ ಒಂದು ಬಗೆಯ ಅಭಿಮಾನ ಹುಟ್ಟಿತು. ಹಳ್ಳಿಯವರು ಗಡಿ ತೆಗೆದರು ಎಂದೇ ಆತ ತಿಳಿದಿದ್ದಾನೆ. ನಾನು ತಿದ್ದಲು ಹೋಗಲಿಲ್ಲ.

ಗಡಿಯೆಂಬುದು ಜಿಡಗಾದವರಿಗೆ ಹೊಸದಲ್ಲ. ೧೯೪೮ರ ಸೆಪ್ಟೆಂಬರಿಗೆ ಮುಂಚೆ ನಮ್ಮದು ನಿಜಾಮರ ಸೀಮೆ. ಪಡುವಣಕ್ಕೆ ಅಕ್ಕಲಕೋಟೆಯ ಸಂಸ್ಥಾನ, ಅದರಾಚೆ ಬ್ರಿಟಿಷರ ಸೋಲಾಪುರ. ನಮ್ಮಜ್ಜಿಯ ತವರು ಅಕ್ಕಲಕೋಟೆಯ ಕಡೆಯದು. ಹಬ್ಬಕ್ಕೆ ತವರಿಗೆ ಹೋಗುವುದೆಂದರೆ ಆಕೆಗೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದಂತೆ. ನಡುವೆ ಕರೋಡಗಿರಿಯ ನಾಕಾ, ಅಂದರೆ ನಿಜಾಮ ಸರಕಾರದ ಸುಂಕದ ಕಟ್ಟೆ. ಗಂಟು ಬಿಚ್ಚಿ ತೋರಿಸಬೇಕು. ಇಲ್ಲಿ ಚಲಾವಣೆಯಲ್ಲಿದ್ದುದು ಹಾಲಿ ಸಿಕ್ಕಾ, ಅಲ್ಲಿ ಕಲ್ದಾರ್ ರೂಪಾಯಿ; ವಿನಿಮಯದಲ್ಲಿ ಕೈ ಹತ್ತುತ್ತಿದ್ದ ನಷ್ಟವನ್ನು ಅಜ್ಜಿ ಸಾಯುವವರೆಗೂ ಮರೆಯಲಿಲ್ಲ. ಆದರೆ ‘ಯಾಕೆ ಹೋಗುವಿ?’ ಎಂದು ಯಾವ ಜವಾನನೂ ಕೇಳಲಿಲ್ಲವಂತೆ. ತವರಿಗೆ ಹೊರಟ ಹೆಣ್ಣುಮಗಳನ್ನು ಯಾರು ಹಾಗೆ ಕೇಳುತ್ತಾರೆ?

೧೯೪೭-೪೮ರ ರಜಾಕಾರರ ಹಾವಳಿಯಲ್ಲಿ ನಮ್ಮ ಗಡಿಭಾಗದ ಅನೇಕ ಕುಟುಂಬಗಳು ಇದೇ ದಾರಿಯಿಂದ ಸೋಲಾಪುರದ ಕಡೆಗೆ ದಾಟಿದವು. ಕೈಯಲ್ಲಿ ಕಾಗದವಿರಲಿಲ್ಲ, ಕೂಸಿತ್ತು. ಆಚೆಯವರು ಬಾ ಎಂದರು, ಇರಗೊಟ್ಟರು. ೧೯೪೮ರ ಸೆಪ್ಟೆಂಬರ್ ೧೭ರಂದು ನಿಜಾಮನ ಆಳಿಕೆ ಮುಗಿದ ಮೇಲೆ ಬಹುಮಂದಿ ತಿರುಗಿ ಬಂದರು. ಅವರನ್ನು ಯಾರೂ ಕಳುಹಿಸಲಿಲ್ಲ, ಹೊಲ ಇಲ್ಲಿತ್ತು. ಅರ್ಜಿಯ ಕಾಗದದಲ್ಲಿ ‘ಸ್ವದೇಶದೊಡನೆ ಇರುವ ಬಂಧನಗಳನ್ನು ರುಜುವಾತುಪಡಿಸಿ’ ಎಂಬರ್ಥದ ಸಾಲನ್ನು ಓದಿದಾಗ ನನಗೆ ಆ ಜನರ ನೆನಪು ಬಂತು.

ಆ ರುಜುವಾತು ಎಂದರೆ ಮುಖ್ಯವಾಗಿ ಬ್ಯಾಂಕಿನ ಲೆಕ್ಕ, ವರಮಾನ ತೆರಿಗೆಯ ಪತ್ರ, ನೌಕರಿಯವರಾದರೆ ರಜೆಯ ಚೀಟಿ. ಒಕ್ಕಲಿಗನಿಗೆ ರಜೆ ಕೊಡುವವರು ಯಾರು? ಬೇಸಾಯದ ಆದಾಯಕ್ಕೆ ನಮ್ಮ ಕಾಯಿದೆಯಲ್ಲಿ ವರಮಾನ ತೆರಿಗೆಯೇ ಇಲ್ಲ. ಆದ್ದರಿಂದ ಅಣ್ಣನ ಬಳಿ ತೆರಿಗೆಯ ಪತ್ರವೂ ಇಲ್ಲ. ಕಾಯಿದೆಯಂತೆ ನಡೆದವನೇ ಕಾಗದವಿಲ್ಲದವನಾದ. ಬ್ಯಾಂಕಿನ ಲೆಕ್ಕವೋ, ಹನ್ನೊಂದು ತಿಂಗಳು ಬತ್ತಿದ ಹಳ್ಳ; ತೊಗರಿ ಮಾರಿದ ವಾರದಲ್ಲಿ ಒಮ್ಮೆಲೇ ಮಹಾಪೂರ. ತಿಂಗಳ ಸಂಬಳ ಕಂಡ ಕಣ್ಣಿಗೆ ಅದು ಯಾರಿಂದಲೋ ಸಾಲ ತಂದು ತುಂಬಿದ ಹಣದಂತೆ ಕಾಣುತ್ತದೆ. ಅಡತಿಯ ಅಂಗಡಿಯ ಪಟ್ಟಿ, ತಹಸೀಲ್ದಾರರ ಆದಾಯ ಪ್ರಮಾಣಪತ್ರ, ಹೊಲದ ಪಹಣಿ ಇವನ್ನೆಲ್ಲ ಕೂಡಿಸಿದೆ. ಪಹಣಿ ಇರುವುದು ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೆ ತಿರುಗಿಸಿ ನೋಟರಿಯ ಮೊಹರು ಹಾಕಿಸಬೇಕು. ‘ಖರಾಬು’ ಎಂಬ ಒಂದು ಮಾತಿಗೆ ಇಂಗ್ಲಿಷು ಹುಡುಕುವುದರಲ್ಲಿ ಒಂದು ಮಧ್ಯಾಹ್ನ ಕಳೆಯಿತು. ಹೋಗಿ ಬರುವ ವಿಮಾನದ ಕಾಯ್ದಿರಿಸುವಿಕೆ, ತಂಗುವ ಹೋಟೆಲಿನ ಕಾಗದ, ಭಾವಚಿತ್ರ, ಕನಿಷ್ಠ ಆರು ತಿಂಗಳು ಬಾಳುವ ಪಾಸ್‌ಪೋರ್ಟು ಇವು ಎಲ್ಲ ದೇಶದವರೂ ಕೇಳುವಂಥವು, ಹಣವಿದ್ದರೆ ಆಗುತ್ತವೆ. ನಿಯಮಗಳು ಹೇಳದೆ ಕೇಳದೆ ಬದಲಾಗುತ್ತವೆ, ಆದುದರಿಂದ ಹೊರಡುವವರು ರಾಯಭಾರ ಕಚೇರಿಯನ್ನೇ ವಿಚಾರಿಸುವುದು ಮೇಲು.

ಪ್ರವಾಸದ ಉದ್ದೇಶ ಎಂಬ ಅಂಕಣದ ಬಳಿ ಮಾತ್ರ ಏಜೆಂಟರಿಗೂ ನಮಗೂ ಜಗಳವಾಯಿತು. ಮಾಚು ಪಿಚು ನೋಡಲು ಎಂದು ಬರೆಯಿರಿ, ಎಲ್ಲರೂ ಹಾಗೆಯೇ ಬರೆಯುತ್ತಾರೆ, ಶೇಂಗಾ ಎಂದರೆ ಸಂಶಯ ಬರುತ್ತದೆ ಎಂದು ಅವರ ವಾದ. ಅವರ ಅನುಭವವನ್ನು ನಾನು ಅಲ್ಲಗಳೆಯಲಾರೆ. ಆದರೆ ಅಣ್ಣ ಆ ಬೆಟ್ಟವನ್ನು ಏರತಕ್ಕವನಲ್ಲ. ಕೇಳಿದರೆ ಏನು ಹೇಳಿಯಾನು? ‘ಲಂಬಾಯೆಕೆಯ ವಸ್ತುಸಂಗ್ರಹಾಲಯದಲ್ಲಿರುವ ಶೇಂಗಾಕಾಯಿಯ ಹಾರವನ್ನು ನೋಡುವುದು’ ಎಂದೇ ಬರೆದೆ.

ಕರ್ನಾಟಕ ಎಕ್ಸ್‌ಪ್ರೆಸ್ ಗಾಡಿ ಕಲಬುರಗಿಯ ಮೇಲೆಯೇ ದೆಹಲಿಗೆ ಹೋಗುತ್ತದೆ. ಅತ್ತಿಗೆಯವರು ಕಟ್ಟಿಕೊಂಡಿದ್ದ ಸಜ್ಜಿರೊಟ್ಟಿ ಹೋಗುವಾಗ ಬರುವಾಗ ಎರಡಕ್ಕೂ ಸಾಕಾಯಿತು. ರಾಯಭಾರ ಕಚೇರಿಯಲ್ಲಿ ಮಧ್ಯವಯಸ್ಸಿನ ಒಬ್ಬ ಅಧಿಕಾರಿಣಿ ಕಾಗದಗಳನ್ನು ತಿರುವಿದರು. ಉದ್ದೇಶದ ಅಂಕಣದ ಮೇಲೆ ಅವರ ಬೆರಳು ನಿಂತಿತು. ಎಕರೆಗೆ ಎಷ್ಟು ಬೆಳೆಯುತ್ತೀರಿ ಎಂದು ಕೇಳಿದರು. ಅಣ್ಣ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಒಪ್ಪಿಸುತ್ತ ಹೋದೆ. ತಮ್ಮ ಕಡೆ ಅದನ್ನು ‘ಮಾನಿ’ ಎನ್ನುವರೆಂದು ಅವರು ಹೇಳಿದರು. ಅನಂತರ ಕೇಳಲೇಬೇಕಾದ ಪ್ರಶ್ನೆ ಬಂತು: ನೀವು ಮರಳಿ ಬರುವಿರೆಂಬುದಕ್ಕೆ ಏನು ಸಾಕ್ಷಿ?

ನಾನು ಪಹಣಿಯ ಅನುವಾದವನ್ನು ಮುಂದೆ ತಳ್ಳಿದೆ. ಅಣ್ಣ ಅದರತ್ತ ನೋಡಲೇ ಇಲ್ಲ.

“ಮಿರಗ ಕೂಡೂದರೊಳಗ ನಾ ಹೊಲದಾಗ ಇರಬೇಕ್ರೀ ಬಾಯಾರ. ಇಲ್ಲಾಂದ್ರ ಬಿತ್ತೋರು ಯಾರು?”

ಮೃಗಶಿರಾ ಮಳೆ ಜೂನ್ ಮೊದಲ ವಾರದಲ್ಲಿ ಕೂಡುತ್ತದೆ, ಅಂದಿನಿಂದ ಮುಂಗಾರು ಬಿತ್ತನೆ, ನಕ್ಷತ್ರದ ಲೆಕ್ಕದಲ್ಲಿ ನಮ್ಮವರು ಮಳೆಯನ್ನು ಎಣಿಸುತ್ತಾರೆ ಎಂದು ವಿವರಿಸಲು ನನಗೆ ಐದು ನಿಮಿಷ ಹಿಡಿಯಿತು. ಅವರು ನಮ್ಮ ವಿಮಾನದ ಕಾಗದವನ್ನು ತೆಗೆದು ಮರಳುವ ತಾರೀಖನ್ನು ನೋಡಿದರು. ಮೇ ತಿಂಗಳ ಮೂರನೆಯ ವಾರ. ಕೆಲವು ದಿನಗಳ ಮೇಲೆ ಇಬ್ಬರಿಗೂ ವೀಸಾ ದೊರೆಯಿತು. ಪಹಣಿ ಕೆಲಸ ಮಾಡಿತೋ ಮಿರಗವೋ ನಾನು ಹೇಳಲಾರೆ. ಮಿರಗವೆಂದು ಅಣ್ಣನ ನಂಬಿಕೆ.

ದಾರಿಯ ವಿಷಯ ಎರಡು ಮಾತು. ಭಾರತದಿಂದ ಪೆರುವಿಗೆ ನೇರ ವಿಮಾನವಿಲ್ಲ. ಅಮೆರಿಕದ ಮೇಲೆ ಹೋಗುವುದಾದರೆ ನಿಲ್ದಾಣದಲ್ಲಿ ಕೇವಲ ವಿಮಾನ ಬದಲಿಸುವುದಕ್ಕೂ ಆ ದೇಶದ ವೀಸಾ ಬೇಕು. ಯುರೋಪಿನಲ್ಲಿ ಒಂದೊಂದು ದೇಶದ ಪದ್ಧತಿ ಒಂದೊಂದು. ಟಿಕೀಟಿನ ಬೆಲೆಯನ್ನು ನೋಡುವ ಮುನ್ನ ಇದನ್ನು ನೋಡತಕ್ಕದ್ದು.

ವೀಸಾ ಬಂದ ಮೇಲೆ ಎಲ್ಲ ಮುಗಿಯಿತೆಂದುಕೊಂಡಿದ್ದೆವು. ಉಳಿದದ್ದು ನಮ್ಮದೇ ಸರಕಾರದ ಒಂದು ಕಟ್ಟಳೆ. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿ ಹಳದಿ ಜ್ವರವೆಂಬ ಸೊಳ್ಳೆಯಿಂದ ಹರಡುವ ಬೇನೆಯಿದೆ. ನಮ್ಮಲ್ಲಿ ಆ ಸೊಳ್ಳೆಯುಂಟು, ಜ್ವರವಿಲ್ಲ. ಅದು ಒಮ್ಮೆ ಕಾಲಿಟ್ಟರೆ ಅನಾಹುತ. ಆದುದರಿಂದ ಆ ದೇಶಗಳಿಂದ ಬರುವವರಲ್ಲಿ ಲಸಿಕೆಯ ಪ್ರಮಾಣಪತ್ರ ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವುದುಂಟು. ಪೆರು ಆ ಪಟ್ಟಿಯಲ್ಲಿದೆ. ನೆರೆಯ ಚಿಲಿ ಇಲ್ಲ. ಲಸಿಕೆಯನ್ನು ಸರಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಪತ್ರ ಊರ್ಜಿತವಾಗುತ್ತದೆ. ಹಿಂದೆ ಹತ್ತು ವರ್ಷ ಬಾಳುತ್ತಿತ್ತು, ೨೦೧೬ರ ಜುಲೈಯಿಂದ ಆಜೀವ ಪರ್ಯಂತ. ಈ ಲಸಿಕೆಯನ್ನು ರೂಪಿಸಿದ್ದಕ್ಕಾಗಿ ಮ್ಯಾಕ್ಸ್ ಥೈಲರ್ ಎಂಬ ವಿಜ್ಞಾನಿಗೆ ೧೯೫೧ರಲ್ಲಿ ನೊಬೆಲ್ ಬಹುಮಾನ ಬಂತು.

ಅರುವತ್ತು ದಾಟಿದವರಿಗೆ ಇದನ್ನು ಕೊಡುವಾಗ ವೈದ್ಯರು ಹಿಂದುಮುಂದು ನೋಡುತ್ತಾರೆ. ಅಣ್ಣನನ್ನೂ ನನ್ನನ್ನೂ ಪರೀಕ್ಷಿಸಿ ಹಾಕಿದರು. ಅತ್ತಿಗೆಯವರಿಗೆ ಆಗದು ಎಂದರು. ಕೀಲುಬೇನೆಗೆ ಅವರು ಸೇವಿಸುವ ಔಷಧ ದೇಹದ ರೋಗನಿರೋಧ ಶಕ್ತಿಯನ್ನು ತಗ್ಗಿಸುವಂಥದು; ಇದು ಕುಂದಿಸಿದ್ದರೂ ಜೀವಂತವಾದ ರೋಗಾಣುವಿನ ಲಸಿಕೆ. ನಾವು ಹೋಗುವ ಕಡಲತೀರದ ಕಡೆ ಆ ಜ್ವರದ ಭಯವಿಲ್ಲವೆಂದೂ, ಆದರೆ ತಿರುಗಿ ಬಂದಾಗ ಇಲ್ಲಿ ತಡೆದಾರೆಂದೂ ವೈದ್ಯರು ಬಿಡಿಸಿ ಹೇಳಿ ಒಂದು ಪತ್ರ ಬರೆದುಕೊಟ್ಟರು. ಅಣ್ಣನ ಮುಖ ಇಳಿಯಿತು. ಒಬ್ಬಳನ್ನೇ ಬಿಟ್ಟು ತಾನು ಹೋಗಲಾರೆ, ಟಿಕೀಟು ತಿರುಗಿಸಿಬಿಡು ಎಂದ. ಅತ್ತಿಗೆಯವರು ನನ್ನ ಕಡೆ ತಿರುಗಿದರು.

“ಆರು ದಿನ ಅಂದ್ರ ಕೋಲಿ ಕೊಡತಾರೇನ್ರಿ ಮಾಸ್ತರ್ರ?”

ಕೊಡುತ್ತಾರೆ ಎಂದೆ.

“ಊಟಾನೂ?”

ಅದನ್ನೂ.

“ಹಂಗಾರ ನಾ ಹೋಗಾಕೀನ. ಆರು ದಿನ ರೊಟ್ಟಿ ಬಡಿ ಅನ್ನೋರು ಯಾರೂ ಇರಂಗಿಲ್ಲ. ನಲವತ್ತು ವರ್ಷದಾಗ ಅಂಥಾದ್ದು ಒಂದು ದಿನಾ ಸಿಕ್ಕಿಲ್ಲ ನನಗ.”

ಅಣ್ಣ ಮರುಮಾತಾಡಲಿಲ್ಲ. ಮರಳುವ ತಾರೀಖನ್ನು ಒಂದು ವಾರ ಹಿಂದಕ್ಕೆ ತಂದೆವು. ಆ ಆರು ದಿನಗಳನ್ನು ಕಳೆದರೂ ಮಿರಗಕ್ಕೆ ಇಬ್ಬರೂ ಹೊಲದಲ್ಲಿರಬೇಕಲ್ಲ.

ಈಗ ಗಂಟು ಕಟ್ಟುವ ಗಡಿಬಿಡಿ ನಡೆದಿದೆ. ಒಂದು ಸಂಗತಿಯನ್ನು ಮಾತ್ರ ಅಣ್ಣನಿಗೆ ಒಪ್ಪಿಸುವುದು ಕಷ್ಟವಾಯಿತು. ಆ ನೆಲದ ಶೇಂಗಾ ಬೀಜವನ್ನು ಒಂದು ಹಿಡಿಯಷ್ಟು ತಂದು ಬಾವಿಯ ಕೆಳಗಿನ ಮಡಿಯಲ್ಲಿ ಊರಬೇಕೆಂದು ಆತ ಮನಸ್ಸಿನಲ್ಲಿಯೇ ಗೊತ್ತುಮಾಡಿಕೊಂಡಿದ್ದ. ಪರದೇಶದ ಬಿತ್ತನೆಯ ಬೀಜವನ್ನು ಪರವಾನಗಿಯಿಲ್ಲದೆ, ಆರೋಗ್ಯದ ಪತ್ರವಿಲ್ಲದೆ ಒಳಗೆ ತರುವಂತಿಲ್ಲ. ಸಸ್ಯರೋಗಗಳನ್ನು ತಡೆಯಲು ೨೦೦೩ರಲ್ಲಿ ಹೊರಡಿಸಿದ ಆಜ್ಞೆಯುಂಟು. ಇಲ್ಲಿಂದ ಬೀಜ ಒಯ್ಯುವುದಕ್ಕೂ ಅಲ್ಲಿಯವರ ತಡೆಯಿದೆ. “ಆವಾಗ ಅದು ಹೆಂಗ ಬಂತು, ಯಾರನ್ನ ಕೇಳಿ ಬಂತು?” ಎಂದು ಕೇಳಿದ. ಹಡಗಿನಲ್ಲಿ ಬಂತು, ಆಗ ಕೇಳುವವರಿರಲಿಲ್ಲ ಎಂದೆ. ಆತ ಅಂಗಿಯ ಜೇಬನ್ನು ತಿರುವಿ, ಅದರಲ್ಲಿದ್ದ ನಾಲ್ಕಾರು ಕಾಯಿಗಳನ್ನು ಅಂಗಳದಲ್ಲಿದ್ದ ಮೊಮ್ಮಗನ ಕೈಗೆ ಸುರಿದ.